ಒದೆಯುವ ಕಾಲು, ನಿಲ್ಲುವ ಕಾಲು

ನಾನು ಹುಟ್ಟುವಾಗ ಮೊದಲು ಹೊರಗೆ ಬಂದದ್ದು ನನ್ನ ಬಲಗಾಲು. ತಲೆ ಮುಂದಾಗಿ ಬರಬೇಕಾದ ಕೂಸು ಕಾಲು ಮುಂದಾಗಿ ಬಂದರೆ ಆ ಕಾಲಿಗೊಂದು ಗುಣ ಇರುತ್ತದೆ ಎಂದು ನಮ್ಮ ಕಡೆ ನಂಬುತ್ತಾರೆ. ಕೊಡ ಎತ್ತುವಾಗಲೋ ಚೀಲ ಹೊರುವಾಗಲೋ ನಡ ಹಿಡಿದುಕೊಂಡು, ಬಗ್ಗಲೂ ಆಗದೆ ಏಳಲೂ ಆಗದೆ ನಿಂತುಬಿಡುವುದಕ್ಕೆ ನಾವು ಚಳಕು ಎನ್ನುತ್ತೇವೆ. ಚಳಕು ಹಿಡಿದವರು ಮುಂಜಾನೆ ಬರಿಹೊಟ್ಟೆಯಲ್ಲಿ ಇಂಥ ಕಾಲಿನವರ ಮನೆಗೆ ಬಂದು, ಬಾಗಿಲ ಚೌಕಟ್ಟು ಹಿಡಿದು ಬಗ್ಗಿ ನಿಲ್ಲುತ್ತಾರೆ. ಕಾಲಿನವರು ಅವರ ನಡಕ್ಕೆ ಮೂರು ಸಲ ಮೆಲ್ಲಗೆ ಒದೆಯಬೇಕು. ಬುದ್ಧಿ ಬಂದಾಗಿನಿಂದ ನಾನು ಒದೆಯುತ್ತಲೇ ಇದ್ದೇನೆ.

ಒದ್ದರೆ ಮುಗಿಯುವುದಿಲ್ಲ. ಹಿರಿಯರ ಮೈಗೆ ಕಾಲು ತಾಗಿತಲ್ಲ, ಕೂಡಲೇ ಬಗ್ಗಿ ಅವರ ಪಾದ ಮುಟ್ಟಿ ‘ತಪ್ಪಾತ್ರಿ’ ಎನ್ನಬೇಕು. ಇದನ್ನು ಕಲಿಸಿದವಳು ನಮ್ಮವ್ವ. ಮದ್ದು ಕೊಟ್ಟವರೇ ತಪ್ಪೊಪ್ಪಿಕೊಳ್ಳುವ ದವಾಖಾನೆ ನಮ್ಮದೊಂದೇ ಇರಬೇಕು. ಅಷ್ಟು ವರ್ಷ ಹೇಳಿ ಹೇಳಿ ಆ ಮಾತು ನನಗೆ ಎಷ್ಟು ರೂಢಿಯಾಗಿದೆಯೆಂದರೆ, ಬಸ್ಸಿನಲ್ಲಿ ಯಾರಾದರೂ ನನ್ನ ಕಾಲು ತುಳಿದರೂ ನಾನೇ ‘ತಪ್ಪಾತ್ರಿ’ ಅಂದುಬಿಡುತ್ತೇನೆ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ನಡ ಹಿಡಿದುಕೊಂಡರೆ ನಾಲ್ಕಾರು ದಿನದಲ್ಲಿ ತಾನೇ ಸಡಿಲಾಗುತ್ತದೆ ಎಂದು ನನಗೆ ಗೊತ್ತು. ಶಾಲೆಯಲ್ಲಿ ಯಾರ ಮುಂದೆಯೂ ಈ ಒದೆಯುವ ಸುದ್ದಿ ಎತ್ತುವುದಿಲ್ಲ, ನಾಚಿಕೆ. ಆದರೆ ಗುಡಗೇರಿ ಬಾಜುವಿನ ಈ ಊರಿಗೆ ಸೊಸೆಯಾಗಿ ಬಂದಾಗ ನನ್ನ ಬಿ.ಎಡ್. ಬಗ್ಗೆ ಒಬ್ಬರೂ ಕೇಳಲಿಲ್ಲ. ನಮ್ಮತ್ತೆ ನೀಲವ್ವ ಓಣಿಗೆಲ್ಲ ಹೇಳಿಕೊಂಡು ಬಂದದ್ದು, ‘ನಮ್ಮ ಸೊಸಿ ಕಾಲ ಮುಂದ ಮಾಡಿ ಹುಟ್ಟಿದಾಕಿ’ ಎಂದು. ಅಷ್ಟು ಹೆಮ್ಮೆಯಿದ್ದ ಅತ್ತೆ ತಾನು ಮಾತ್ರ ಒಮ್ಮೆಯೂ ಒದೆಸಿಕೊಂಡವಳಲ್ಲ. ನಡ ಹಿಡಿದರೆ ಮುಲಾಮು ಹಚ್ಚಿಕೊಂಡು ಮಲಗುತ್ತಿದ್ದಳು. ‘ಮಂದಿಗಾದ್ರ ಮದ್ದು. ಸೊಸಿ ಕಾಲು ನನಗ ತಾಗಿದ್ರ ಅದು ಒದಿಕೀನ’ ಅನ್ನುತ್ತಿದ್ದಳು.

ಇಂಥ ಕಾಲಿಟ್ಟುಕೊಂಡು ನಾನು ನಲವತ್ತು ದಾಟಿದ ಮೇಲೆ ಓಡಲು ಹೊರಟೆ. ಇದು ದೊಡ್ಡ ಕಾಯಿಲೆಯ ಕಥೆಯಲ್ಲ. ಉಗುರು, ಹಿಮ್ಮಡಿ, ಕಾಲಗಂಟು, ಇಷ್ಟೇ. ಜೀವಕ್ಕೆ ಅಪಾಯವಿಲ್ಲದ ನೋವಿನ ಬಗ್ಗೆ ಯಾರೂ ಬರೆಯುವುದಿಲ್ಲ. ಹಾಗಾಗಿ ನನ್ನ ಹಾಗೆ ಮರೆಯಲ್ಲಿ ಕುಂಟುವವರಿಗೆ ತಾವೊಬ್ಬರೇ ಎನ್ನಿಸುತ್ತದೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಶುರುವಾದದ್ದು ಒಂದು ಬಸ್ಸಿನಿಂದ. ಶಾಲೆಗೆ ಹೋಗುವ ಬಸ್ಸು ನನ್ನ ಕಣ್ಣೆದುರೇ ಹೊರಟಿತು. ಬ್ಯಾಗು ಅವಚಿಕೊಂಡು ಹಿಂದೆ ಓಡಿದೆ. ಡ್ರೈವರ್ ನಿಲ್ಲಿಸಲಿಲ್ಲ. ಬಸ್ಸು ತಿರುವಿನಲ್ಲಿ ಮರೆಯಾದ ಮೇಲೂ ನಾನು ಓಡುತ್ತಿದ್ದೆ. ಯಾಕೆಂದು ನನಗೇ ತಿಳಿಯಲಿಲ್ಲ. ಎದೆ ಹೊಡೆದುಕೊಳ್ಳುತ್ತಿತ್ತು, ಸೆರಗು ಜಾರುತ್ತಿತ್ತು, ನಗು ಬರುತ್ತಿತ್ತು. ಹುಡುಗಿಯಾಗಿದ್ದಾಗಿನಿಂದ ಅಷ್ಟು ಹಗುರಾಗಿ ಇದ್ದದ್ದು ನೆನಪಿಲ್ಲ. ಮರುದಿನ ಬಸ್ಸು ಸಿಕ್ಕಿತು, ನನಗೆ ಬೇಜಾರಾಯಿತು.

ಬೂಟು ಬೇಕಾಯಿತು. ವಾರದ ಸಂತೆಯಲ್ಲಿ ಬೂಟಿನ ಅಂಗಡಿಯವನು ‘ಯಾರಿಗ್ರಿ ಅಕ್ಕೋರ?’ ಎಂದು ಕೇಳಿದ. ನಮ್ಮಲ್ಲಿ ಕಲಿಸುವ ಹೆಂಗಸರೆಲ್ಲ ಅಕ್ಕೋರೇ. ನನಗೆ ಎನ್ನಲು ಬಾಯಿ ಬರಲಿಲ್ಲ. ‘ಮಗನಿಗೆ’ ಅಂದೆ. ಮಗನ ಬೂಟಿನಲ್ಲಿ ನಾನು ಕಾಲಿಟ್ಟು ನೋಡುವುದು ಹೇಗೆ? ಕಣ್ಣಳತೆಯಲ್ಲೇ ಒಂದು ಜೊತೆ ಆರಿಸಿಕೊಂಡು ಕಾಯಿಪಲ್ಯದ ಕೆಳಗೆ ಇಟ್ಟು ತಂದೆ. ಮನೆಯಲ್ಲಿ ಹಾಕಿ ನೋಡಿದರೆ ಬೆರಳು ತುದಿಗೆ ಒತ್ತುತ್ತಿತ್ತು. ತಿರುಗಿ ಕೊಡಲು ಮತ್ತೆ ಮಗನ ಹೆಸರು ಹೇಳಬೇಕಲ್ಲ, ಸುಮ್ಮನಾದೆ. ಕೆಲವೇ ದಿನಗಳಲ್ಲಿ ಎರಡೂ ಹೆಬ್ಬೆರಳಿನ ಉಗುರು ಕಪ್ಪಾದವು.

ಮೊದಲು ಡಾಂಬರು ರಸ್ತೆಯಲ್ಲೇ ಓಡಿದೆ. ನಮ್ಮ ಊರಲ್ಲಿ ಸುಮ್ಮನೆ ಯಾರೂ ಓಡುವುದಿಲ್ಲ. ಓಡಿದರೆ ಯಾರೋ ತೀರಿಕೊಂಡಿರಬೇಕು, ಇಲ್ಲವೇ ಎಮ್ಮೆ ಹಗ್ಗ ಹರಿದುಕೊಂಡಿರಬೇಕು. ಮೊದಲ ದಿನವೇ ಹಾಲಿನ ಕ್ಯಾನಿನ ಗಾಡಿಯವನು ಬಾಜು ನಿಲ್ಲಿಸಿದ.

‘ಏನಾತ್ರಿ ಅಕ್ಕೋರ? ಯಾರಿಗೇನಾತು?’

‘ಏನಿಲ್ಲಪಾ.’

‘ಹತ್ರಿ ಹತ್ರಿ, ಬಿಟ್ಟ ಬರ್ತೀನಿ.’

ನಾನು ಹತ್ತಿದೆ. ಸುಮ್ಮನೆ ಓಡುತ್ತಿದ್ದೇನೆ ಎಂದು ಹೇಳುವುದಕ್ಕಿಂತ ಹತ್ತುವುದೇ ಸಲೀಸಾಗಿತ್ತು. ಅವನು ಇಳಿಸಿದ ಕಡೆಯಿಂದ ನಡೆದು ವಾಪಸ್ಸು ಬಂದೆ. ಎರಡು ದಿನ ಬಿಟ್ಟು ಇನ್ನೊಬ್ಬ, ಅದಾದ ಮೇಲೆ ಒಂದು ಟ್ರ್ಯಾಕ್ಟರು. ಓಡುವುದಕ್ಕಿಂತ ಕೂತು ಹೋದದ್ದೇ ಹೆಚ್ಚಾಯಿತು. ಇದಾಗುವುದಿಲ್ಲವೆಂದು ಎರೆಹೊಲದ ನಡುವಿನ ಚಕ್ಕಡಿ ಹಾದಿಗೆ ಇಳಿದೆ. ಅಲ್ಲಿ ಮುಂಜಾನೆ ಯಾರೂ ಇರುವುದಿಲ್ಲ. ಮಳೆಯಲ್ಲಿ ಚಕ್ಕಡಿಯ ಗಾಲಿ ಹೂತು ಹೋದ ಗುರುತು ಒಣಗಿ ಕಲ್ಲಾಗಿರುತ್ತದೆ. ಎತ್ತಿಗೂ ಸರಿಯಾದ ದಾರಿಯಲ್ಲ ಅದು. ಹಿಮ್ಮಡಿ ಅಲ್ಲೇ ಕೆಟ್ಟಿತು. ಹಾಸಿಗೆಯಿಂದ ಎದ್ದು ಮೊದಲ ಹೆಜ್ಜೆ ಇಟ್ಟರೆ ಮೊಳೆ ಹೊಡೆದಂತೆ ಆಗುತ್ತಿತ್ತು. ನಾಲ್ಕು ಹೆಜ್ಜೆ ಹಾಕಿದ ಮೇಲೆ ಸಡಿಲಾಗುತ್ತಿತ್ತು. ಅತ್ತೆ ಏಳುವ ಮೊದಲೇ ಎದ್ದು ಆ ನಾಲ್ಕು ಹೆಜ್ಜೆಗಳನ್ನು ಗೋಡೆ ಹಿಡಿದು ಮುಗಿಸಿಬಿಡುತ್ತಿದ್ದೆ.

ಒಂದು ಮುಂಜಾನೆ ಎಡಗಾಲು ಆ ಗಾಲಿಯ ಗುಂಡಿಯಲ್ಲಿ ಹೊರಳಿತು. ಲಟ್ ಎಂದು ಸದ್ದಾದದ್ದು ನನಗೇ ಕೇಳಿಸಿತು. ಹತ್ತಿ ಗಿಡಗಳ ನಡುವೆ ಕುಳಿತು ಕಾಲಗಂಟು ಹಿಡಿದುಕೊಂಡೆ. ನೋವಿನ ಜೊತೆಗೇ ತಲೆಯಲ್ಲಿ ಬಂದದ್ದು ಒಂದೇ ಯೋಚನೆ: ಯಾರಾದರೂ ನೋಡಿದರೇ? ಇದನ್ನು ಬರೆಯಲು ಈಗಲೂ ಮುಖ ಬಿಸಿಯಾಗುತ್ತದೆ. ಕೂಗಿದ್ದರೆ ಬಾಜು ಹೊಲದವರು ಬರುತ್ತಿದ್ದರು. ಕೂಗಲಿಲ್ಲ. ಒಂದು ತೊಗರಿ ಕಟ್ಟಿಗೆ ಊರಿಕೊಂಡು ಮನೆ ಮುಟ್ಟಿದೆ. ಅತ್ತೆ ಕೇಳಿದಾಗ ‘ಚಪ್ಪಲಿ ಕಚ್ಚೇತ್ರಿ’ ಅಂದೆ. ಸೀರೆಯ ನೆರಿಗೆ ಕೆಳಗಿಳಿಸಿ ಉಟ್ಟುಕೊಂಡು ಬಾವು ಮುಚ್ಚಿದೆ.

ಆ ವಾರವೇ ಫಕೀರಪ್ಪ ಕಾಕಾ ಬಂದ. ಓಣಿಗೆಲ್ಲ ಹಿರಿಯ, ಬಾಯಿ ಜೋರು. ಶೇಂಗಾದ ಚೀಲ ಎತ್ತಲು ಹೋಗಿ ನಡ ಹಿಡಿದಿತ್ತು. ಮಗ ಅವನನ್ನು ಮೆಲ್ಲಗೆ ನಡೆಸಿಕೊಂಡು ಬಂದಿದ್ದ. ಹಾದಿಯಲ್ಲಿ ಹೋಗುವವರು ನಾಲ್ಕು ಮಂದಿ ಕಟ್ಟೆಯ ಹತ್ತಿರ ನಿಂತರು. ಅತ್ತೆ ‘ಬಾರಬೇ ಗಿರಿಜಾ’ ಎಂದು ಕೂಗಿದಳು.

ಇಲ್ಲ ಎನ್ನಬಹುದಿತ್ತು. ಯಾಕೆ ಇಲ್ಲ ಎಂದು ಕೇಳಿದರೆ ಹೇಳಬೇಕಾಗುತ್ತಿತ್ತು. ಒದೆಯುವುದು ಬಲಗಾಲು ತಾನೆ, ನೋವಿರುವುದು ಎಡಗಾಲಿಗೆ, ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ವಿಜ್ಞಾನ ಕಲಿಸುವವಳಿಗೆ ಇಷ್ಟೂ ಹೊಳೆಯಲಿಲ್ಲ, ಬಲಗಾಲು ಎತ್ತಿದರೆ ಇಡೀ ಮೈ ಎಡಗಾಲಿನ ಮೇಲೆ ನಿಲ್ಲಬೇಕೆಂದು. ಕಾಕಾ ಚೌಕಟ್ಟು ಹಿಡಿದು ಬಗ್ಗಿದ. ಒಂದು ಸಲ ಒದ್ದೆ. ಎರಡನೆಯದಕ್ಕೆ ಕಾಲು ಎತ್ತಿದಾಗ ಎಡಗಾಲು ಕುಸಿಯಿತು. ನಾನು ಕಾಕಾನ ಬೆನ್ನಿನ ಮೇಲೆ ಬಿದ್ದೆ, ಕಾಕಾ ಹೊಸ್ತಿಲ ಮೇಲೆ ಬಿದ್ದ.

‘ಸತ್ತೆನಲೇ ಯಪ್ಪಾ!’ ಎಂದು ಕಾಕಾ ಕೂಗಿದ. ಮಂದಿ ಓಡಿ ಬಂದು ಎಬ್ಬಿಸಿದರು. ಸೀರೆ ಮೇಲೆ ಸರಿದಿತ್ತು. ಕುಂಬಳದಂತೆ ಊದಿ ಕಪ್ಪು ನೀಲಿಯಾಗಿದ್ದ ಕಾಲಗಂಟು, ಕರಿ ಉಗುರು, ಎಲ್ಲ ಓಣಿಯ ಮುಂದೆ ಬಯಲಾಯಿತು.

‘ಚಪ್ಪಲಿ ಕಚ್ಚೇತಿ ಅಂದಿದ್ಲಲ್ಲ!’ ಎಂದಳು ಅತ್ತೆ.

‘ಇದು ಚಪ್ಪಲಿ ಕಚ್ಚಿದ್ದಲ್ರಿ’ ಎಂದ ಕಾಕಾನ ಮಗ. ‘ಅಕ್ಕೋರು ಚಕ್ಕಡಿ ಹಾದ್ಯಾಗ ಓಡತಿದ್ರು. ನಾ ನೋಡೀನಿ.’

‘ಯಾಕ ಓಡತಿದ್ರು?’ ಎಂದು ಮಂದಿಯಲ್ಲೊಬ್ಬರು ಕೇಳಿದರು.

‘ಸುಮ್ಮನ.’

‘ಸುಮ್ಮನ ಅಂದ್ರ?’

ನೆಲದ ಮೇಲೆ ಕುಳಿತವಳು ನಾನು ಕಾಕಾನ ಪಾದ ಹಿಡಿದು ‘ತಪ್ಪಾತ್ರಿ, ತಪ್ಪಾತ್ರಿ’ ಎನ್ನುತ್ತಲೇ ಇದ್ದೆ. ಆವತ್ತು ಅದು ರೂಢಿಯ ಮಾತಾಗಿರಲಿಲ್ಲ. ನೆಲ ಬಾಯಿ ಬಿಟ್ಟಿದ್ದರೆ ಒಳಗೆ ಹೋಗಿಬಿಡುತ್ತಿದ್ದೆ.

ಮಂದಿ ಹೋದ ಮೇಲೆ ಅತ್ತೆ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ‘ಆ ಕಾಲು ನಿಂದೊಂದ ಅಲ್ಲಬೇ. ಊರಂದು ಐತಿ. ಸುಮ್ಮ ಸುಮ್ಮನ ಓಡಿ ಕೆಡಿಸಿಕೊಂಡಿ’ ಅಂದಳು. ಕೆಟ್ಟದ್ದು ಊರಿನ ಕಾಲಲ್ಲ, ಇನ್ನೊಂದು ಎಂದು ಹೇಳಲು ನನಗೆ ಧೈರ್ಯ ಬರಲಿಲ್ಲ.

ಯಜಮಾನರು ಹುಬ್ಬಳ್ಳಿಯ ಎಲುಬಿನ ದವಾಖಾನೆಗೆ ಕರೆದುಕೊಂಡು ಹೋದರು. ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದವರೆಲ್ಲ ಮರ್ಯಾದೆಯ ನೋವಿನವರು. ಒಬ್ಬ ಮಾಳಿಗೆಯಿಂದ ಬಿದ್ದವನು, ಒಬ್ಬನಿಗೆ ಎಮ್ಮೆ ತುಳಿದಿತ್ತು. ನನ್ನ ಬಾಜುವಿಗೆ ಅಣ್ಣಿಗೇರಿ ಕಡೆಯ ಅಜ್ಜಿ, ಟ್ರ್ಯಾಕ್ಟರಿನ ಟ್ರೇಲರಿನಿಂದ ಬಿದ್ದು ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದಳು. ಕಡಲೆ ಕೀಳಲು ಹೋದಾಗ ಬಿದ್ದದ್ದಂತೆ. ದುಡಿಯುವಾಗ ಆದ ನೋವು. ಅವಳ ಪಕ್ಕದಲ್ಲಿ ನನ್ನ ಕಾಲನ್ನು ಬೆಂಚಿನ ಕೆಳಗೆ ಎಳೆದುಕೊಂಡೆ.

‘ನಿಂಗೇನಾತವಾ?’ ಎಂದು ಅವಳು ಕೇಳಿದಳು. ನಾನು ತಡವರಿಸಿದೆ. ಯಜಮಾನರಿಗೆ ಇಂಥದ್ದೆಲ್ಲ ತಿಳಿಯುವುದಿಲ್ಲ. ಬೆಂಚಿನ ಆ ತುದಿಯಿಂದ ಎಲ್ಲರಿಗೂ ಕೇಳುವಂತೆ ‘ಓಡಾಕ ಹೋಗಿ ಉಳಕೇತ್ರಿ ಯಮ್ಮಾ’ ಅಂದರು.

ಅಜ್ಜಿ ಕಣ್ಣಗಲಿಸಿ ನನ್ನ ಹತ್ತಿರ ಸರಿದು ಕೇಳಿದಳು, ‘ಯಾರ ಬೆನ್ನ ಹತ್ತಿದ್ರವಾ?’

‘ಯಾರೂ ಇಲ್ಲಬೇ.’

‘ಯಾರೂ ಬೆನ್ನ ಹತ್ತದ ಓಡಿದೇನು?’ ಅಂದಳು. ಆಮೇಲೆ ತನ್ನ ಚೀಲದಿಂದ ಒಂದು ಹಿಡಿ ಹುರಿದ ಶೇಂಗಾ ತೆಗೆದು ನನ್ನ ಮಡಿಲಿಗೆ ಹಾಕಿ, ‘ತಿನ್ನು. ಇನ್ನೂ ಭಾಳ ಹೊತ್ತು ಐತಿ’ ಅಂದಳು. ನನಗೆ ಅಳು ಬಂತು. ಬೆಂಚಿನ ಮೇಲೆ ಅತ್ತದ್ದಕ್ಕೆ ಮತ್ತೆ ನಾಚಿಕೆಯಾಯಿತು. ಅಜ್ಜಿ ಆ ಕಡೆ ನೋಡುತ್ತ ತನ್ನ ಪಾಡಿಗೆ ಶೇಂಗಾ ಸುಲಿದಳು, ಒಂದೇ ಕೈಯಲ್ಲಿ.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಎಲುಬು ಮುರಿದಿಲ್ಲ ಎಂದರು. ಕಾಲಗಂಟು ನೋಡಿ, ಹಿಮ್ಮಡಿ ಒತ್ತಿ, ಕಡೆಗೆ ಉಗುರಿನ ಹತ್ತಿರ ನಿಂತರು.

‘ಬೂಟು ಯಾರದ ಅಳತಿದ್ರಿ?’

ಮಗನದು ಎನ್ನುವ ಮಾತು ನಾಲಿಗೆ ತುದಿಗೆ ಬಂದಿತ್ತು. ‘ಯಾರದೂ ಅಲ್ರಿ’ ಅಂದೆ. ಅವರು ನಗಲಿಲ್ಲ. ಬಾವು ಇಳಿಯುವ ತನಕ ಪಟ್ಟಿ, ಆಮೇಲೆ ದಿನಾ ಎಡಗಾಲೊಂದರ ಮೇಲೆ ನಿಲ್ಲುವುದನ್ನು ರೂಢಿ ಮಾಡಿಕೊಳ್ಳಿ, ಹಿಮ್ಮಡಿಯ ಕೆಳಗೆ ದುಂಡನೆಯದೇನಾದರೂ ಇಟ್ಟು ಉರುಳಿಸಿ ಎಂದರು. ಮತ್ತೆ ಓಡಬಹುದೇ ಎಂದು ಕೇಳಬೇಕಿತ್ತು. ಯಜಮಾನರು ಬಾಜುವಿನಲ್ಲೇ ನಿಂತಿದ್ದರು, ಕೇಳಲಾಗಲಿಲ್ಲ. ಬಾಗಿಲು ದಾಟುವಾಗ ಡಾಕ್ಟರೇ ಹಿಂದಿನಿಂದ ಹೇಳಿದರು, ‘ಓಡೂದು ಬಿಡಬ್ಯಾಡ್ರಿ ಮತ್ತ. ಆ ಬೂಟು ಬಿಡ್ರಿ.’

ಮನೆಯಲ್ಲಿ ಕಳೆದ ದಿನಗಳು ದೊಡ್ಡವು. ಚಳಕು ಹಿಡಿದವರು ಬಂದರೆ ಅತ್ತೆ ಬಾಗಿಲಲ್ಲೇ ತಡೆಯುತ್ತಿದ್ದಳು. ‘ಕಾಲು ರಜಾದ ಮ್ಯಾಲೈತ್ರಿ’ ಎನ್ನುವುದು ಒಳಕೋಣೆಗೆ ಕೇಳಿಸುತ್ತಿತ್ತು. ಬಂದವರು ನಡ ಹಿಡಿದುಕೊಂಡು ವಾಪಸ್ಸು ಹೋಗುವ ಚಪ್ಪಲಿ ಸದ್ದೂ ಕೇಳಿಸುತ್ತಿತ್ತು. ಒದೆಯುವುದನ್ನು ನಂಬದ ನನಗೆ ಅವರನ್ನು ಬರಿಗೈಲಿ ಕಳಿಸಿದೆ ಎಂಬ ಸಂಕಟ. ಇದನ್ನು ಯಾರಿಗೆ ಹೇಳುವುದು? ಫಕೀರಪ್ಪ ಕಾಕಾ ಒಂದು ವಾರ ಮಲಗಿ ಎದ್ದನಂತೆ. ಊರವರು ಕಟ್ಟೆಯ ಮೇಲೆ ಕುಳಿತು ನಗುತ್ತಿದ್ದಾರೆ ಎಂದು ಕೇಳಿ ಶಾಲೆಗೆ ರಜೆ ಇನ್ನಷ್ಟು ಹಾಕಿದೆ. ಕಾಲು ಅಷ್ಟರಲ್ಲಿ ನಡೆಯುವಷ್ಟಾಗಿತ್ತು. ಆ ರಜೆ ಕಾಲಿಗಲ್ಲ, ಮುಖಕ್ಕೆ.

ದುಂಡನೆಯದು ಎಂದು ನಾನು ಚಪಾತಿ ಲಟ್ಟಣಿಗೆ ತೆಗೆದುಕೊಂಡು ಹಿಮ್ಮಡಿಯ ಕೆಳಗೆ ಉರುಳಿಸುತ್ತ ಕುಳಿತಿದ್ದೆ. ಅತ್ತೆ ಒಳಗೆ ಬಂದವಳು ಹೌಹಾರಿದಳು.

‘ಶಿವನ! ಉಣ್ಣೂ ಲಟ್ಟಣಿಗಿ ಕಾಲಾಗ ಹಾಕ್ಕೊಂಡೀಯಲ್ಲಬೇ!’

ಕಸಿದುಕೊಂಡು ಹೋಗಿ ಬೂದಿ ಹಚ್ಚಿ ತಿಕ್ಕಿದಳು, ಬಿಸಿನೀರಿಗೆ ಹಾಕಿದಳು, ಮತ್ತೆ ತಿಕ್ಕಿದಳು. ಮರುದಿನ ನನ್ನ ಹಾಸಿಗೆಯ ಬಾಜು ಒಂದು ಹಳೆಯ ಲಟ್ಟಣಿಗೆ ಇತ್ತು. ಒಂದು ತುದಿಯ ಹಿಡಿಕೆ ಮುರಿದದ್ದು, ಅಟ್ಟದಿಂದ ಇಳಿಸಿದ್ದು. ಅಡುಗೆಯದಕ್ಕೆ ಬೆರೆಯದಿರಲೆಂದು ಅದಕ್ಕೆ ಕೆಂಪು ದಾರ ಕಟ್ಟಿದ್ದಳು. ಅದನ್ನು ಉರುಳಿಸುತ್ತ ಆ ದಿನ ಬಹಳ ಹೊತ್ತು ಕುಳಿತಿದ್ದೆ.

ಒಂದೇ ಕಾಲಿನ ಮೇಲೆ ನಿಲ್ಲುವುದು ಅಡುಗೆಮನೆಯಲ್ಲಿ. ಹಾಲು ಉಕ್ಕುವ ತನಕ ಎಂದು ನನಗೆ ನಾನೇ ಗಡುವು ಹಾಕಿಕೊಂಡಿದ್ದೆ. ಮೊದಮೊದಲು ಹಾಲು ಬೆಚ್ಚಗಾಗುವುದರೊಳಗೇ ಕಟ್ಟೆ ಹಿಡಿಯುತ್ತಿದ್ದೆ. ಇಷ್ಟು ವರ್ಷ ಈ ಕಾಲಿನ ಮೇಲೆ ನಿಂತೇ ಊರಿಗೆಲ್ಲ ಒದ್ದಿದ್ದೆ. ಆಗೆಲ್ಲ ಬಲಗಾಲಿಗೆ ಅರಿಶಿಣ ಹಚ್ಚಿದವರಿದ್ದರು, ಎಡಗಾಲಿನ ಕಡೆ ನಾನೂ ನೋಡಿರಲಿಲ್ಲ. ಅತ್ತೆ ಒಮ್ಮೆ ಬಾಗಿಲಲ್ಲಿ ನಿಂತು ನೋಡಿ ‘ಏನಿದು, ಹರಕಿ ಹೊತ್ತೀಯೇನು?’ ಎಂದು ಕೇಳಿದಳು. ಡಾಕ್ಟರು ಹೇಳಿದ್ದನ್ನು ಹೇಳಿದೆ. ‘ಹೂಂ’ ಎಂದು ಹೋದಳು. ಆಮೇಲೆ ಹಾಲು ಉಕ್ಕಿದರೆ ತಾನೇ ಬಂದು ಒಲೆ ಆರಿಸುತ್ತಿದ್ದಳು.

ಮಳೆಗಾಲ ಮುಗಿಯುವ ಹೊತ್ತಿಗೆ ಅತ್ತೆಗೇ ನಡ ಹಿಡಿಯಿತು, ನೀರಿನ ಕೊಡ ಇಳಿಸುವಾಗ. ಎಂದಿನಂತೆ ಮುಲಾಮು ಹಚ್ಚಿಕೊಂಡು ಮಲಗಿದಳು. ಈ ಸಲ ಕಡಿಮೆಯಾಗಲಿಲ್ಲ. ಹೊರಳುವಾಗ ಹಲ್ಲು ಕಚ್ಚುತ್ತಿದ್ದಳು. ಹುಬ್ಬಳ್ಳಿಗೆ ಹೋಗೋಣ ಎಂದು ಯಜಮಾನರು ಕರೆದರೆ ಒಲ್ಲೆ ಎಂದಳು. ಮೂರನೆಯ ಮುಂಜಾನೆ ಗೋಡೆ ಹಿಡಿದು ಎದ್ದು, ಬಾಗಿಲಿಗೆ ಬಂದು, ಚೌಕಟ್ಟಿಗೆ ಎರಡೂ ಕೈ ಕೊಟ್ಟು ಬಗ್ಗಿ ನಿಂತಳು.

‘ಬಾರಬೇ.’

‘ನನ್ನ ಎಡಗಾಲು ಇನ್ನೂ ಗಟ್ಟಿಯಾಗಿಲ್ರಿ ಅತ್ತಿ. ಮತ್ತ ಬಿದ್ದರ?’

‘ನಿಂದ್ರಾಕ ಬರತೈತೋ ಇಲ್ಲೋ?’

‘ಬರತೈತ್ರಿ.’

‘ಹಾಲು ಉಕ್ಕೂ ಮಟಾ ನಿಂದರತಿ. ಮೂರು ಒದಿಕಿಗೆ ನಿಂದ್ರಾಕ ಆಗೂದಿಲ್ಲೇನು?’

ಒಂದು. ಎರಡು. ಮೂರು. ನಿಂತೆ. ಅತ್ತೆಯ ಬೆನ್ನು ಎಷ್ಟು ಸಣ್ಣದಾಗಿದೆ ಎಂದು ನನ್ನ ಪಾದಕ್ಕೆ ತಿಳಿಯಿತು. ಕೂಡಲೇ ಎಂದಿನಂತೆ ಬಗ್ಗಿ ‘ತಪ್ಪಾತ್ರಿ’ ಎನ್ನಲು ಹೋದೆ. ಅವಳು ನನ್ನ ಭುಜ ಹಿಡಿದು ತಡೆದಳು, ತನ್ನ ತೂಕವನ್ನೂ ಅದರ ಮೇಲೆಯೇ ಹಾಕಿ ಮೆಲ್ಲಗೆ ಹೊಸ್ತಿಲ ಮೇಲೆ ಕುಳಿತಳು. ನನ್ನ ಎಡಗಾಲಿನ ಗಂಟನ್ನು ಹೆಬ್ಬೆರಳಿನಿಂದ ಒತ್ತಿದಳು.

‘ಇಲ್ಲಿ ನೋಯತೈತೇನು?’

‘ಇಲ್ರಿ.’

‘ಇಲ್ಲಿ?’

‘ಚೂರು.’

ಇನ್ನೊಂದು ಸಲ ಒತ್ತಿ ನೋಡಿದಳು. ‘ಇನ್ನ ಆ ಚಕ್ಕಡಿ ಹಾದ್ಯಾಗ ಹೋಗಬ್ಯಾಡ’ ಅಂದಳು. ‘ಡಾಂಬರ ರಸ್ತೆ ಮ್ಯಾಲೆ ಓಡು. ಮಂದಿ ನೋಡಿದ್ರ ನೋಡ್ಲಿ.’

ಅವಳ ನಡ ಒದ್ದದ್ದಕ್ಕೆ ಸಡಿಲಾಯಿತೋ ತಾನೇ ಸಡಿಲಾಯಿತೋ, ನಾನು ಕೇಳಲಿಲ್ಲ. ಆ ಸಂತೆಯ ದಿನ ಬೂಟಿನ ಅಂಗಡಿಗೆ ಹೋಗಿ, ಸ್ಟೂಲಿನ ಮೇಲೆ ಕುಳಿತು, ಎಲ್ಲರೆದುರು ಕಾಲು ಚಾಚಿ ‘ನನಗ ಬೇಕ್ರಿ’ ಅಂದೆ. ಅಂಗಡಿಯವನು ನನ್ನ ಅರ್ಧ ಬೆಳೆದ ಉಗುರು ನೋಡಿ ದೊಡ್ಡ ಅಳತೆ ತಂದ.

ನಾಚಿಕೆ ಹೋಯಿತೆಂದು ಬರೆದರೆ ಸುಳ್ಳಾಗುತ್ತದೆ. ಮೊದಲ ದಿನ ಡಾಂಬರು ರಸ್ತೆಗೆ ಇಳಿದಾಗ ಕಿವಿಯವರೆಗೂ ಬಿಸಿಯಾಗಿತ್ತು. ಹಾಲಿನ ಗಾಡಿಯವನು ನಿಧಾನ ಮಾಡಿದ, ಕೈಯಾಡಿಸಿ ಬೇಡ ಎಂದೆ. ಮುಂದೆ ಕಟ್ಟೆಯ ಮೇಲೆ ಹಿರಿಯರೆಲ್ಲ ಕುಳಿತಿದ್ದರು, ನಡುವೆ ಫಕೀರಪ್ಪ ಕಾಕಾ. ತಿರುಗಿ ಹೋಗಲೇ ಎನ್ನಿಸಿತು. ಅಷ್ಟರಲ್ಲಿ ಕಾಕಾ ನೋಡಿಬಿಟ್ಟ.

‘ಅಕ್ಕೋರ!’ ಎಂದು ಊರಿಗೆಲ್ಲ ಕೇಳುವಂತೆ ಕೂಗಿದ. ‘ಇವತ್ತ ಯಾರ ಮ್ಯಾಲೆ ಬೀಳಾಕ ಹೊಂಟೀರಿ?’

ಕಟ್ಟೆಯೆಲ್ಲ ನಕ್ಕಿತು. ನನ್ನ ತಲೆ ತಾನಾಗಿ ತಗ್ಗಿತು. ‘ತಪ್ಪಾತ್ರಿ’ ಎನ್ನುವ ಮಾತು ಬಾಯಿಯವರೆಗೆ ಬಂತು. ಆದರೆ ಓಡುವಾಗ ನನಗಿನ್ನೂ ಉಸಿರು ಸಾಲುವುದಿಲ್ಲ. ಆ ಮಾತಿಗೆ ಉಸಿರು ಸಿಗುವ ಹೊತ್ತಿಗೆ ನಾನು ಕಟ್ಟೆ ದಾಟಿ ಹೋಗಿದ್ದೆ.